‘ಮಾಕಿಂಗ್‌ಜೇ’ ವಿಮರ್ಶೆ ಓದಿದ ಮೇಲೆ ಪುಟ್ಟಿಗೆ

ಪುಟ್ಟಿ, ‘ಹಂಗರ್ ಗೇಮ್ಸ್’ ಸರಣಿಯ ಮೂಲ ಮೂರು ಪುಸ್ತಕಗಳನ್ನು ಮುಗಿಸಿ ನೀನು ಗುಂಪಿನಲ್ಲಿ ಹಾಕಿದ ವಿಮರ್ಶೆಯನ್ನು ನಿಧಾನವಾಗಿ ಓದಿದೆ. ಮೊದಲೆರಡು ಭಾಗಗಳಿಗೆ ಐದೈದು ನಕ್ಷತ್ರ ಕೊಟ್ಟು, ಕೊನೆಯ ‘ಮಾಕಿಂಗ್‌ಜೇ’ಗೆ ಮಾತ್ರ ಎರಡೇ ಕೊಟ್ಟಿದ್ದೀಯ, ನಾಯಕಿ ಕ್ಯಾಟ್ನಿಸ್ ಅಲ್ಲಿ ಹೋರಾಡುವುದಕ್ಕಿಂತ ಬಚ್ಚಿಟ್ಟುಕೊಂಡು ಕೊರಗುವುದೇ ಹೆಚ್ಚು, ಕತೆ ಮುಂದೆ ಸಾಗುವುದೇ ಇಲ್ಲ ಎಂಬುದು ನಿನ್ನ ಆಕ್ಷೇಪ. ಅದರ ಕೆಳಗೇ ಭಾವನವರು, ಮಕ್ಕಳು ಮಕ್ಕಳನ್ನೇ ಕೊಲ್ಲುವ ಇಂಥ ಕತೆಯನ್ನು ಈ ವಯಸ್ಸಿನವರು ಓದಬೇಕೇ ಎಂದು ಕೇಳಿದ್ದಾರೆ. ಎರಡಕ್ಕೂ ಸೇರಿಸಿ ಉತ್ತರ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಕೊನೆಯ ಭಾಗದ ಮುಕ್ತಾಯವನ್ನೂ ಹೇಳದೆ ವಿಧಿಯಿಲ್ಲದ ಕಾರಣ, ಮುಂದೆ ಓದಬೇಕೆಂದಿರುವವರು ಇದನ್ನು ಸದ್ಯಕ್ಕೆ ಬದಿಗಿಡುವುದು ಒಳ್ಳೆಯದು.

ಡಿಸ್ಟೋಪಿಯನ್, ಅಂದರೆ ದಬ್ಬಾಳಿಕೆಯ ಕರಾಳ ನಾಡೊಂದನ್ನು ಕಲ್ಪಿಸುವ ಸರಣಿಯೊಂದನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಗಮನಿಸುವುದು, ಆ ನಾಡಿನ ಕಾನೂನು ಒಂದು ಬಡವರ ಮನೆಯೊಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು. ನಾಯಕಿಯ ಶೌರ್ಯ ಆಮೇಲಿನ ಮಾತು. ಈ ಕತೆಯಲ್ಲಿ ರಾಜಧಾನಿಯು ಪ್ರತಿವರ್ಷ ಜಿಲ್ಲೆಗಳಲ್ಲಿ ಚೀಟಿ ಎತ್ತಿ ಮಕ್ಕಳನ್ನು ಆರಿಸಿ, ಅವರು ಅಖಾಡದಲ್ಲಿ ಒಬ್ಬರನ್ನೊಬ್ಬರು ಕೊಲ್ಲುವ ಆಟವನ್ನು ಎಲ್ಲರಿಗೂ ತೋರಿಸುತ್ತದೆ; ತಂಗಿ ಪ್ರಿಮ್‌ಳ ಹೆಸರು ಬಂದಾಗ ಅವಳ ಬದಲು ಕ್ಯಾಟ್ನಿಸ್ ಹೋಗುತ್ತಾಳೆ. 2008ರಲ್ಲಿ ಬಂದ ಮೊದಲ ಭಾಗದಲ್ಲಿ ಸುಝಾನ್ ಕಾಲಿನ್ಸ್ ಅವರು ಚೀಟಿ ಎತ್ತುವ ಲೆಕ್ಕವನ್ನು ವಿವರಿಸುವ ಪುಟಗಳನ್ನು ನೀನು ಮತ್ತೊಮ್ಮೆ ತೆರೆದು ನೋಡು. ಹನ್ನೆರಡು ತುಂಬಿದ ಮಗುವಿನ ಹೆಸರು ಒಂದು ಸಲ ಸೇರುತ್ತದೆ, ವರ್ಷಕ್ಕೊಂದರಂತೆ ಹದಿನೆಂಟರ ವೇಳೆಗೆ ಏಳಾಗುತ್ತದೆ. ಆದರೆ ಹಸಿದವರಿಗೆ ಇನ್ನೊಂದು ದಾರಿಯಿದೆ: ಒಬ್ಬರಿಗೆ ವರ್ಷಕ್ಕೆ ಹೇಗೋ ಸಾಲುವಷ್ಟು ಧಾನ್ಯ ಮತ್ತು ಎಣ್ಣೆ ಬೇಕಾದರೆ ಮಗು ತನ್ನ ಹೆಸರನ್ನು ಇನ್ನೊಂದು ಸಲ ಸೇರಿಸಬಹುದು, ಮನೆಯಲ್ಲಿ ಎಷ್ಟು ಬಾಯಿಗಳಿವೆಯೋ ಅಷ್ಟು ಸಲ ಸೇರಿಸಬಹುದು, ಮತ್ತು ಹಾಗೆ ಸೇರಿದ ಚೀಟಿಗಳು ವರ್ಷದಿಂದ ವರ್ಷಕ್ಕೆ ಉಳಿದುಕೊಂಡೇ ಬರುತ್ತವೆ. ತಾಯಿ, ತಂಗಿ ಮತ್ತು ತನಗೆಂದು ಧಾನ್ಯ ಪಡೆದ ಕ್ಯಾಟ್ನಿಸ್‌ಳ ಹೆಸರು ಹದಿನಾರರಲ್ಲಿ 20 ಸಲ ಇದೆ. ಅವಳ ಬೇಟೆಯ ಜೊತೆಗಾರ, ಐದು ಜನರ ಮನೆಯ ಗೇಲ್‌ನದು ಹದಿನೆಂಟರಲ್ಲಿ 42 ಸಲ. ಮೇಯರ್ ಮಗಳು ಬಿಳಿಯ ಉಡುಪು ಧರಿಸಿ, ಚಿನ್ನದ ಪಿನ್ ಚುಚ್ಚಿಕೊಂಡು ಬಾಗಿಲಿಗೆ ಬಂದಾಗ, ನಿನ್ನ ಚೀಟಿ ಎಷ್ಟಿದ್ದೀತು, ಐದೇ, ನನಗೆ ಹನ್ನೆರಡನೆಯ ವಯಸ್ಸಿಗೇ ಆರಿದ್ದವು ಎಂದು ಗೇಲ್ ಚುಚ್ಚುತ್ತಾನೆ. ಆ ಹುಡುಗಿಯ ತಪ್ಪು ಅದರಲ್ಲಿ ಏನೂ ಇಲ್ಲ. ಹಸಿದವರ ಸಿಟ್ಟು ಆಳುವವರ ಮೇಲೆ ತಿರುಗದೆ, ಪಕ್ಕದ ಬೀದಿಯಲ್ಲಿ ಎರಡು ತುತ್ತು ಹೆಚ್ಚು ಉಣ್ಣುವವರ ಮೇಲೆ ತಿರುಗಲಿ ಎಂಬುದಕ್ಕಾಗಿಯೇ ಹೂಡಿದ ಲೆಕ್ಕ ಅದು. ನಿನ್ನ ವಿಮರ್ಶೆಯಲ್ಲಿ ಅಖಾಡದ ಕಾಳಗದ ವರ್ಣನೆ ಸೊಗಸಾಗಿದೆ, ಆದರೆ ಈ ಚೀಟಿಯ ಮಾತೇ ಇಲ್ಲ.

ಈಗ ಮೂರನೆಯ ಭಾಗಕ್ಕೆ ಬರೋಣ. ರಾಜಧಾನಿಯ ವಿರುದ್ಧ ಎದ್ದ ಬಂಡಾಯಗಾರರ ಹದಿಮೂರನೆಯ ಜಿಲ್ಲೆಯಲ್ಲಿ ಪ್ರತಿದಿನ ಬೆಳಿಗ್ಗೆ ಗೋಡೆಯ ಯಂತ್ರದೊಳಗೆ ಬಲಗೈ ಚಾಚಬೇಕು, ಅಂದಿನ ದಿನಚರಿಯೆಲ್ಲ ನೇರಳೆ ಶಾಯಿಯಲ್ಲಿ ಮುಂಗೈಯ ಒಳಬದಿಗೆ ಅಚ್ಚಾಗುತ್ತದೆ, ರಾತ್ರಿ ಸ್ನಾನದ ಹೊತ್ತಿನವರೆಗೆ ಅದು ಅಳಿಯುವುದಿಲ್ಲ. ಕ್ಯಾಟ್ನಿಸ್ ಆ ದಿನಚರಿಯನ್ನು ಕಡೆಗಣಿಸಿ ಎಲ್ಲೋ ಮೂಲೆಯಲ್ಲಿ ಅಡಗಿ ಕೂರುತ್ತಾಳೆ. ನೀನು ಸೋಮಾರಿತನ, ದುರ್ಬಲತೆ ಎಂದು ಬರೆದದ್ದು ನನಗೆ ಅವಳಿಗೆ ಉಳಿದಿದ್ದ ಒಂದೇ ಒಂದು ನಿರಾಕರಣೆಯಾಗಿ ಕಂಡಿತು, ಏಕೆಂದರೆ ತನ್ನನ್ನು ಬಿಡಿಸಿಕೊಂಡು ಬಂದವರೂ ತನ್ನ ಮೈಯ ಮೇಲೆಯೇ ಬರೆಯುತ್ತಿದ್ದಾರೆ ಎಂದು ಅವಳಿಗೆ ತಿಳಿದಿದೆ. ಎರಡು ಸಲ ಅಖಾಡಕ್ಕೆ ಇಳಿದು ಬಂದ ಹುಡುಗಿ ಮೂರನೆಯ ಸಲವೂ ಚುರುಕಾಗಿ ಬಿಲ್ಲೆತ್ತಿ ನಿಂತಿದ್ದರೆ ನಾನೇ ನಂಬುತ್ತಿರಲಿಲ್ಲ.

ಇನ್ನೂ ಮುಖ್ಯವಾದದ್ದು ಗೇಲ್‌ನ ಉರುಲು. ಮೊದಲ ಭಾಗದಲ್ಲಿ ಅವನು ಕಾಡಿನಲ್ಲಿ ಮೊಲ ಹಿಡಿಯಲು ಉರುಲು ಹಾಕುವ ನಿಪುಣ. ಮನೆಯವರ ಹೊಟ್ಟೆ ತುಂಬಿಸುವ ಆ ಜಾಣ್ಮೆಯನ್ನು ನಾವು ಮೆಚ್ಚಿಕೊಂಡೇ ಓದುತ್ತೇವೆ. ಮೂರನೆಯ ಭಾಗದಲ್ಲಿ ಅದೇ ಜಾಣ್ಮೆ ಬಾಂಬಿನ ಯೋಜನೆಯಾಗುತ್ತದೆ: ಮೊದಲ ಸ್ಫೋಟ, ಗಾಯಗೊಂಡವರನ್ನು ಎತ್ತಲು ಜನ ಓಡಿ ಬರುವಷ್ಟು ಬಿಡುವು, ಆಮೇಲೆ ಎರಡನೆಯ ಸ್ಫೋಟ. ಮೊದಲ ಭಾಗದಲ್ಲಿ ಅಖಾಡದೊಳಗೆ ಔಷಧಿ, ಆಹಾರ ಹೊತ್ತು ತರುತ್ತಿದ್ದ ಬೆಳ್ಳಿ ಪ್ಯಾರಾಚೂಟುಗಳು ಕೊನೆಯಲ್ಲಿ ಮಕ್ಕಳ ಗುಂಪಿನ ಮೇಲೆ ಇಳಿಯುತ್ತವೆ, ಮಕ್ಕಳು ಆಸೆಯಿಂದ ಕೈಚಾಚುತ್ತಾರೆ, ಮತ್ತು ಎರಡನೆಯ ಸ್ಫೋಟದಲ್ಲಿ ಸಾಯುವವರಲ್ಲಿ ಗಾಯಾಳುಗಳ ಆರೈಕೆಗೆ ಓಡಿ ಬಂದ ಪ್ರಿಮ್ ಇದ್ದಾಳೆ. ಯಾವ ತಂಗಿಯನ್ನು ಉಳಿಸಲು ಕತೆ ಶುರುವಾಯಿತೋ ಆ ತಂಗಿ. ಅದು ತನ್ನ ಬಾಂಬೇ ಹೌದೋ ಅಲ್ಲವೋ ಎಂಬುದು ಗೇಲ್‌ಗೂ ಕೊನೆಯವರೆಗೆ ಖಚಿತವಾಗುವುದಿಲ್ಲ. ಮೂರು ಪುಸ್ತಕಗಳಷ್ಟು ದೂರ ಎರಡು ವಸ್ತುಗಳನ್ನು ಇಷ್ಟು ಎಚ್ಚರದಿಂದ ನಡೆಸಿಕೊಂಡು ಬಂದ ಲೇಖಕಿಯ ಕೊನೆಯ ಭಾಗಕ್ಕೆ ಎರಡು ನಕ್ಷತ್ರ ತೀರಾ ಕಡಿಮೆಯಾಯಿತು.

ನಿನ್ನ ಒಂದು ಮಾತನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಪ್ರಿಮ್ ಸತ್ತ ನಂತರದ ಅಧ್ಯಾಯಗಳು ಅವಸರದಲ್ಲಿ ಮುಗಿಯುತ್ತವೆ. ಗೇಲ್ ಮತ್ತು ಕ್ಯಾಟ್ನಿಸ್ ನಡುವಿನ ಕೊನೆಯ ಮಾತುಕತೆ ಇನ್ನಷ್ಟು ಪುಟಗಳನ್ನು ಬೇಡುತ್ತಿತ್ತು. ಅದನ್ನು ಹೀಗೆಯೇ ಬರೆ. ‘ಬೋರ್ ಆಯಿತು’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಭಾವ, ನಿಮ್ಮ ಆತಂಕ ಸಹಜವಾದದ್ದೇ, ಆದರೆ ಈ ಪುಸ್ತಕಗಳಲ್ಲಿ ಕೊಲೆಯನ್ನು ಚಪ್ಪರಿಸುವಂತೆ ಬರೆದಿಲ್ಲ. ಅಖಾಡದಲ್ಲಿ ಜೊತೆಯಾದ ಪುಟ್ಟ ಹುಡುಗಿ ರೂ ಸತ್ತಾಗ ಕ್ಯಾಟ್ನಿಸ್ ಅವಳ ದೇಹವನ್ನು ಹೂಗಳಿಂದ ಅಲಂಕರಿಸುತ್ತಾಳೆ; ಆಟದ ಸಂಚಾಲಕರಿಗೆ ಅದು ಬೇಕಿಲ್ಲದ ದೃಶ್ಯ. ಕಾಳಗವನ್ನು ಕುತೂಹಲದಿಂದ ಓದುತ್ತಿರುವ ನಾವೂ ರಾಜಧಾನಿಯ ಪ್ರೇಕ್ಷಕರ ಸಾಲಿನಲ್ಲೇ ಕುಳಿತಿದ್ದೇವೆಯೇ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ, ಮತ್ತು ಹದಿಮೂರು ಹದಿನಾಲ್ಕರ ಮಕ್ಕಳು ಆ ಪ್ರಶ್ನೆಯನ್ನು ನಮಗಿಂತ ಬೇಗ ಹಿಡಿಯುತ್ತಾರೆ. ಅದಕ್ಕಿಂತ ಚಿಕ್ಕವರಿದ್ದರೆ ಲೋಯಿಸ್ ಲೌರಿ ಅವರ 1993ರ ‘ದಿ ಗಿವರ್’ನಿಂದ ಆರಂಭಿಸಬಹುದು. ಅಲ್ಲಿ ಅಖಾಡದ ಕಾಳಗವಿಲ್ಲ, ಆದರೂ ಒಂದು ಕಡೆ ಮೈ ನಡುಗುತ್ತದೆ. ಆ ಅಧ್ಯಾಯವನ್ನು ಮಗು ಓದುವಾಗ ದೊಡ್ಡವರು ಜೊತೆಗಿರಲಿ.

ಪುಟ್ಟಿ, ವಿಮರ್ಶೆಯನ್ನು ತಿದ್ದುವುದಾದರೆ ಒಂದು ಜಾಗವನ್ನು ಬಿಡಬೇಡ. ಗೆದ್ದ ಮೇಲೆ ಬಂಡಾಯಗಾರರ ಅಧ್ಯಕ್ಷೆ ಕಾಯಿನ್, ರಾಜಧಾನಿಯ ಮಕ್ಕಳನ್ನೇ ಹಾಕಿ ಕೊನೆಯದೊಂದು ಆಟ ನಡೆಸೋಣವೇ ಎಂದು ಮತ ಕೇಳುತ್ತಾಳೆ. ಕ್ಯಾಟ್ನಿಸ್ ಜೊತೆ ಅಖಾಡಕ್ಕೆ ಇಳಿದಿದ್ದ ಪೀಟಾ ಖಂಡತುಂಡವಾಗಿ ಬೇಡ ಎನ್ನುತ್ತಾನೆ. ಕ್ಯಾಟ್ನಿಸ್ ಪ್ರಿಮ್‌ಗಾಗಿ ಹೌದು ಎನ್ನುತ್ತಾಳೆ, ಮತ್ತು ಮುಂದೆ ರಾಜಧಾನಿಯ ಸೋತ ಅಧ್ಯಕ್ಷ ಸ್ನೋಗೆಂದು ಎತ್ತಿದ ಬಾಣವನ್ನು ಕಾಯಿನ್‌ಗೆ ಬಿಡುತ್ತಾಳೆ. ಕತೆಯನ್ನೆಲ್ಲ ಅವಳೇ ಹೇಳುತ್ತಿದ್ದರೂ, ಆ ಹೌದು ಕಾಯಿನ್‌ಳನ್ನು ನಂಬಿಸಲು ಹೇಳಿದ್ದೋ, ದುಃಖದಲ್ಲಿ ನಿಜವಾಗಿಯೇ ಬಯಸಿದ್ದೋ ಎಂಬುದನ್ನು ಅವಳು ಬಾಯಿಬಿಟ್ಟು ಹೇಳುವುದಿಲ್ಲ. ನಂಬಿಸಲು ಹೇಳಿದ್ದೆಂದು ನನ್ನ ಓದು, ಆದರೆ ಎದುರು ಪಕ್ಷಕ್ಕೂ ಆ ಪುಟದಲ್ಲಿ ಆಧಾರವಿದೆ. ಆ ಅಧ್ಯಾಯವನ್ನು ಮತ್ತೊಮ್ಮೆ ಓದಿ, ನೀನು ಯಾವ ಕಡೆ, ಯಾವ ಸಾಲಿನ ಬಲದ ಮೇಲೆ ಎಂದು ಇಲ್ಲಿಯೇ ಬರೆ.