ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್ ಬೇಡ: ನಮ್ಮ ಮನೆ ಗುಂಪಿನ ಚರ್ಚೆ

ಗುರುವಾರ

ದೊಡ್ಡಪ್ಪ (ಬೆಳಿಗ್ಗೆ 6:38): ಫಾರ್ವರ್ಡ್ ಬಂದದ್ದು. ಕಾರು ಇರುವವರೆಲ್ಲ ತಪ್ಪದೆ ಓದಿ. (1) ಘಾಟಿ ಇಳಿಯುವಾಗ ಗೇರ್ ನ್ಯೂಟ್ರಲ್ ಮಾಡಿ. ರಸ್ತೆ ಖಾಲಿ ಇದ್ದರೆ ಎಂಜಿನ್ ಆಫ್ ಮಾಡಿ. ಪೆಟ್ರೋಲ್ ಉಳಿಯುತ್ತದೆ, ಎಂಜಿನ್‌ಗೂ ವಿಶ್ರಾಂತಿ. (2) ಬೆಳಿಗ್ಗೆ ಸ್ಟಾರ್ಟ್ ಮಾಡಿ 10 ನಿಮಿಷ ಬಿಟ್ಟು ಹೊರಡಿ. (3) ಗೇರ್ ಆಯಿಲ್ ಲೈಫ್‌ಟೈಮ್ ಇರುತ್ತದೆ, ಮುಟ್ಟಬೇಡಿ. (4) ರೇಡಿಯೇಟರ್‌ಗೆ ಕೂಲೆಂಟ್ ಹಾಕುವುದು ದುಡ್ಡು ದಂಡ, ಮನೆ ನೀರೇ ಸಾಕು.

ದೊಡ್ಡಪ್ಪ: ಸುಧಾ, ಶನಿವಾರ ಧರ್ಮಸ್ಥಳಕ್ಕೆ ಹೊರಟಿದ್ದೀರಲ್ಲ, ಮೊದಲನೆಯದನ್ನು ನೋಡಿಕೊ.

ಸುಧಕ್ಕ: ನೋಡಿದೆ ಅಪ್ಪ. ಚಾರ್ಮಾಡಿ ಪೂರ್ತಿ ನ್ಯೂಟ್ರಲ್‌ನಲ್ಲೇ ಇಳಿದುಬಿಡಬಹುದಾ ಹಾಗಾದರೆ?

ನಾನು: ಸುಧಕ್ಕ, ಬೇಡ. ಇದೊಂದನ್ನು ಮಾತ್ರ ಮಾಡಬೇಡ. ದೊಡ್ಡಪ್ಪ, ಎದುರು ಮಾತಾಡುತ್ತಿದ್ದೇನೆ ಅಂತ ತಿಳಿಯಬೇಡಿ. ಅಕ್ಕನ ಜೊತೆ ಇಬ್ಬರು ಮಕ್ಕಳು ಇರುತ್ತಾರೆ, ಅದಕ್ಕೇ ಗ್ಯಾರೇಜ್ ಕೆಲಸದವನಾಗಿ ಹೇಳಲೇಬೇಕು.

ದೊಡ್ಡಪ್ಪ: ಮಂಜು, ನೀನು ಹುಟ್ಟುವ ಮೊದಲೇ ನಾನು ಅಂಬಾಸಡರ್‌ನಲ್ಲಿ ಶಿರಾಡಿ ಇಳಿದವನು. ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತಿತ್ತು. ನನ್ನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ನಾನು: ನಿಮ್ಮ ಲೆಕ್ಕ ಸರಿ ದೊಡ್ಡಪ್ಪ. ಆಗ ಗಾಳಿಯ ಎಳೆತದಲ್ಲೇ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇತ್ತು. ಗೇರ್‌ನಲ್ಲಿ ಇಳಿಯುವಾಗ ನೀವು ಕಾಲು ತೆಗೆದರೂ ಎಂಜಿನ್ ಜೋರಾಗಿ ತಿರುಗುತ್ತಿತ್ತು, ತಿರುಗಿದಷ್ಟೂ ಪೆಟ್ರೋಲ್ ಎಳೆದುಕೊಳ್ಳುತ್ತಿತ್ತು. ಈಗಿನ ಕಾರು ಹಾಗಲ್ಲ. ಕಂಪ್ಯೂಟರ್ ಹೇಳಿದಷ್ಟೇ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂದ ಮೇಲೆ ಕಥೆ ಪೂರ್ತಿ ತಿರುಗಿದೆ. ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಂಪ್ಯೂಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ಆಗ ಚಕ್ರವೇ ಎಂಜಿನ್ ತಿರುಗಿಸುತ್ತಿರುತ್ತದೆ.

ಭಾವ: 3,000 ಆರ್‌ಪಿಎಂನಲ್ಲಿ ಕೂಗುತ್ತಿರುತ್ತದೆ, ಅದಕ್ಕೆ ಪೆಟ್ರೋಲ್ ಬೇಡವೇ ಬೇಡವಾ? ನಂಬುವುದು ಕಷ್ಟ ಮಂಜು.

ನಾನು: ಭಾವ, ನಿಮ್ಮ ಕಾರಿನಲ್ಲೇ ನೋಡಿ. ಮೀಟರ್‌ನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಗೀಟು ಇದೆಯಲ್ಲ, ಇಳಿಜಾರಿನಲ್ಲಿ ಮೂರನೇ ಗೇರ್ ಹಾಕಿ ಕಾಲು ತೆಗೆಯಿರಿ. ಗೀಟು ತುದಿಗೆ ಹೋಗಿ ನಿಲ್ಲುತ್ತದೆ. ಆರ್‌ಪಿಎಂ 1,000ದಿಂದ 1,500ರ ನಡುವೆ ಇಳಿದಾಗ ಮತ್ತೆ ಪೆಟ್ರೋಲ್ ಬಿಡುತ್ತದೆ, ಇಲ್ಲದಿದ್ದರೆ ಎಂಜಿನ್ ನಿಂತುಹೋಗುತ್ತದಲ್ಲ. ನ್ಯೂಟ್ರಲ್ ಮಾಡಿದರೆ ಚಕ್ರಕ್ಕೂ ಎಂಜಿನ್‌ಗೂ ಸಂಬಂಧ ತಪ್ಪುತ್ತದೆ. ಎಂಜಿನ್ ತನ್ನ ಪಾಡಿಗೆ ಉಸಿರಾಡಿಕೊಂಡಿರಲು ಪೆಟ್ರೋಲ್ ಬೇಕೇ ಬೇಕು. ಸಣ್ಣ ಕಾರು ಸುಮ್ನೆ ನಿಂತು ಓಡಿದರೂ ಗಂಟೆಗೆ ಸುಮಾರು ಅರ್ಧ ಲೀಟರ್‌ಗಿಂತ ಜಾಸ್ತಿ ಕುಡಿಯುತ್ತದೆ. ಅಂದರೆ ಘಾಟಿಯಲ್ಲಿ ನ್ಯೂಟ್ರಲ್ ಮಾಡಿದವರೇ ಪೆಟ್ರೋಲ್ ಕಳೆದುಕೊಳ್ಳುವವರು.

ಭಾವ: ಸರಿ, ಪೆಟ್ರೋಲ್ ಬಿಡು. ಗೇರ್‌ಬಾಕ್ಸ್ ಸವೆಯುವುದಿಲ್ಲವಾ? ಬ್ರೇಕ್ ಪ್ಯಾಡ್ ಎರಡು ಮೂರು ಸಾವಿರ ರೂಪಾಯಿಗೆ ಹೊಸದು ಬರುತ್ತದೆ. ಕ್ಲಚ್ ಸೆಟ್ ಅಂದರೆ ಅದರ ಎಷ್ಟೋ ಪಟ್ಟು. ಗೇರ್‌ಬಾಕ್ಸ್ ಬಿಚ್ಚಿದರೆ ಕೇಳುವುದೇ ಬೇಡ. ಅಗ್ಗದ್ದು ಸವೆಯಲಿ ಅಂತ ನನ್ನ ವಾದ.

ನಾನು: ಒಳ್ಳೆಯ ಪ್ರಶ್ನೆ. ಕ್ಲಚ್ ಪ್ಲೇಟ್ ಸವೆಯುವುದು ಅದು ಜಾರುವಾಗ ಮಾತ್ರ. ಪೂರ್ತಿ ಬಿಟ್ಟು ಗೇರ್‌ನಲ್ಲಿ ಇಳಿಯುವಾಗ ಅದು ಕಚ್ಚಿಕೊಂಡಿರುತ್ತದೆ, ಜಾರುವುದೇ ಇಲ್ಲ. ಗೇರ್ ಹಲ್ಲುಗಳಿಗೂ ಅದು ದೊಡ್ಡ ಭಾರ ಅಲ್ಲ. ನಾನು ಬಿಚ್ಚಿದ ಸುಟ್ಟ ಕ್ಲಚ್‌ಗಳೆಲ್ಲ ಹೆಚ್ಚಾಗಿ ಹತ್ತುವಾಗ ಪೆಡಲ್ ಅರ್ಧ ಒತ್ತಿಕೊಂಡು ಹಾಫ್ ಕ್ಲಚ್‌ನಲ್ಲಿ ಗಾಡಿ ಹಿಡಿದು ನಿಂತವರದ್ದು. ಇನ್ನೊಂದು, ಓಡಿಸುವಾಗೆಲ್ಲ ಕ್ಲಚ್ ಪೆಡಲ್ ಮೇಲೆ ಎಡಗಾಲು ಇಟ್ಟುಕೊಳ್ಳುವವರದ್ದು. ಗೇರ್‌ಬಾಕ್ಸ್‌ಗೆ ಏಟು ಬೀಳುವುದು ನ್ಯೂಟ್ರಲ್‌ನಲ್ಲಿ ಜಾರಿಕೊಂಡು ಬಂದು, ತಿರುವು ಕಂಡ ಕೂಡಲೇ ಗಾಬರಿಯಲ್ಲಿ ಎರಡನೇ ಗೇರ್ ತುರುಕಿದಾಗ. ಗೇರ್ ಬೀಳುವ ಮೊದಲು ಎರಡೂ ಕಡೆಯ ವೇಗ ಸಮ ಮಾಡುವ ಹಿತ್ತಾಳೆಯ ಸಿಂಕ್ರೋ ರಿಂಗ್ ಒಳಗಿದೆ, ಆ ಏಟನ್ನೆಲ್ಲ ಅದೇ ತಿನ್ನಬೇಕು.

ಚಿಕ್ಕಮ್ಮ: ಹೋದ ಸಲ ಆಗುಂಬೆ ಇಳಿಯುವಾಗ ಸುಟ್ಟ ವಾಸನೆ ಬಂತು ಮಂಜು. ನಿಮ್ಮ ಚಿಕ್ಕಪ್ಪ ಕ್ಲಚ್ ಹೋಯಿತು ಅಂದರು.

ನಾನು: ಇಳಿಯುವಾಗ ಬಂದಿದ್ದರೆ ಅದು ಬ್ರೇಕಿನ ವಾಸನೆ ಚಿಕ್ಕಮ್ಮ. ಹತ್ತುವಾಗ ಬಂದರೆ ಕ್ಲಚ್. ಎರಡೂ ಸುಟ್ಟ ವಾಸನೆಯೇ, ಅದಕ್ಕೆ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು ಇವೆ. ಪ್ರತಿಯೊಂದಕ್ಕೂ ಬರೀ ಬ್ರೇಕಿನಲ್ಲೇ ತಡೆದರೆ ಬಿಸಿ ಆರಲು ಸಮಯವೇ ಸಿಗುವುದಿಲ್ಲ.

ನಾನು: ಒಂದು ಕಾರಿನ ವಿಷಯ ಹೇಳುತ್ತೇನೆ, ಪೂರ್ತಿ ಓದಿ. ಮೂರು ವರ್ಷದ ಹಿಂದೆ ಶಿರಾಡಿಯಿಂದ ನಮ್ಮ ಗ್ಯಾರೇಜಿಗೆ ಎಳೆದುಕೊಂಡು ಬಂದಿದ್ದರು. ಮೇಲಿನಿಂದ ನ್ಯೂಟ್ರಲ್‌ನಲ್ಲೇ ಇಳಿದಿದ್ದಾರೆ. ಅರ್ಧ ದಾರಿಯಲ್ಲಿ ಪೆಡಲ್ ಒತ್ತಿದರೆ ಸ್ಪಂಜ್ ಒತ್ತಿದ ಹಾಗೆ ನೆಲಕ್ಕೆ ಹೋಗಿದೆ. ಗುಡ್ಡದ ಬದಿಯ ಚರಂಡಿಗೆ ಇಳಿಸಿ ನಿಲ್ಲಿಸಿದ್ದರಿಂದ ಉಳಿದರು. ಇನ್ನೊಂದು ಬದಿಗೆ ಹೋಗಿದ್ದರೆ ಅಂತ ಆ ಮನುಷ್ಯ ಮತ್ತೆ ಮತ್ತೆ ಹೇಳುತ್ತಿದ್ದರು. ನಾವು ನೋಡಿದಾಗ ಬ್ರೇಕ್ ಸರಿಯಾಗಿಯೇ ಹಿಡಿಯುತ್ತಿತ್ತು!

ಸುಧಕ್ಕ: ಅದು ಹೇಗೆ?

ನಾನು: ಗೇರ್‌ನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ನ್ಯೂಟ್ರಲ್‌ನಲ್ಲಿ ಎಲ್ಲ ಭಾರ ಬ್ರೇಕಿಗೇ. ಆ ಬಿಸಿಗೆ ಬ್ರೇಕ್ ಆಯಿಲ್ ಕುದಿದಿತ್ತು ಅಕ್ಕ. ಎಣ್ಣೆಯನ್ನು ಒತ್ತಿದರೆ ಕುಗ್ಗುವುದಿಲ್ಲ, ಆವಿಯನ್ನು ಒತ್ತಿದರೆ ಕುಗ್ಗುತ್ತದೆ. ಪೈಪಿನಲ್ಲಿ ಆವಿ ಗುಳ್ಳೆ ಬಂದರೆ ನೀನು ಎಷ್ಟು ತುಳಿದರೂ ಒತ್ತಡ ಚಕ್ರ ಮುಟ್ಟುವುದಿಲ್ಲ. ತಣ್ಣಗಾದ ಮೇಲೆ ಗುಳ್ಳೆ ಕರಗುತ್ತದೆ, ಬ್ರೇಕ್ ವಾಪಸ್ ಬರುತ್ತದೆ. ಅದಕ್ಕೇ ಎಷ್ಟೋ ಜನಕ್ಕೆ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ಆ ಕಾರಿನ ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿತ್ತು. ಆಯಿಲ್ ಕಾಫಿ ಡಿಕಾಕ್ಷನ್ ಹಾಗಿತ್ತು. ಯಾವಾಗ ಬದಲಿಸಿದ್ದು ಅಂದರೆ ಅವರಿಗೆ ನೆನಪೇ ಇಲ್ಲ.

ನಾನು: ಬ್ರೇಕ್ ಆಯಿಲ್ ಡಬ್ಬಿ ಮೇಲೆ ಡಾಟ್ 4 ಅಂತ ದರ್ಜೆ ಇರುತ್ತದೆ ನೋಡಿ. ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೇವ ಸೇರಿದ ಮೇಲೆ ಅದೇ ಅಳತೆ 155 ಡಿಗ್ರಿಗೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಅದಕ್ಕೇ. ಮಲೆನಾಡಿನ ತೇವಕ್ಕೆ ಇದು ಇನ್ನೂ ಮುಖ್ಯ.

ದೊಡ್ಡಪ್ಪ: ಎಂಜಿನ್ ಆಫ್ ಮಾಡುವುದನ್ನು ನಾನೂ ಒಪ್ಪುವುದಿಲ್ಲ. ಸ್ಟೇರಿಂಗ್ ಕಲ್ಲಿನ ಹಾಗೆ ಆಗುತ್ತದೆ.

ನಾನು: ಹೌದು. ಕಾಲಿನ ಒತ್ತಡವನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರ್‌ಗೂ ಎಂಜಿನ್ ಬೇಕು. ಆಫ್ ಆದ ಮೇಲೆ ಎರಡು ಮೂರು ಸಲ ತುಳಿಯುವಷ್ಟು ಮಾತ್ರ ಬಲ ಉಳಿದಿರುತ್ತದೆ. ಆಮೇಲೆ ಪೆಡಲ್ ಗಟ್ಟಿ. ಕೀ ಹೊರಗೆ ತೆಗೆದರಂತೂ ಸ್ಟೇರಿಂಗ್ ಲಾಕೇ ಆಗಬಹುದು.

ಚೇತನ್: ಮಂಜಣ್ಣ, ನನ್ನದು ಎಎಂಟಿ. ಗೇರ್ ನಾನು ಹಾಕುವುದೇ ಇಲ್ಲವಲ್ಲ, ಘಾಟಿಯಲ್ಲಿ ಏನು ಮಾಡಲಿ? ಬೆಂಗಳೂರಿನ ಫ್ಲೈಓವರ್ ಏರಿನಲ್ಲಿ ನಿಂತಾಗಲೂ ಒಂದು ಥರ ನಡುಗುತ್ತದೆ.

ನಾನು: ಚೇತು, ಲಿವರನ್ನು ಎಂ (ಮ್ಯಾನುಯಲ್) ಕಡೆಗೆ ತಳ್ಳಿ ಮೈನಸ್ ಒತ್ತುತ್ತಾ ಎರಡಕ್ಕೋ ಮೂರಕ್ಕೋ ತಾ, ಅಲ್ಲೇ ಇರಲಿ. ನಡುಕದ ವಿಷಯ ಬೇರೆ. ಎಎಂಟಿ ಒಳಗೆ ಮಾಮೂಲಿ ಕ್ಲಚ್ ಪ್ಲೇಟೇ ಇರುವುದು, ತುಳಿಯುವ ಕೆಲಸ ಮೋಟರ್ ಮಾಡುತ್ತದೆ ಅಷ್ಟೇ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಲ್ಲಿ ಗಾಡಿ ಹಿಡಿದರೆ ಅದೇ ಹಾಫ್ ಕ್ಲಚ್. ಬ್ರೇಕ್ ತುಳಿದು ನಿಲ್ಲು, ಇಲ್ಲ ಹ್ಯಾಂಡ್‌ಬ್ರೇಕ್ ಹಾಕು.

ಭಾವ: ಉಳಿದ ಮೂರೂ ತಪ್ಪೇನಾ?

ನಾನು: 10 ನಿಮಿಷ ಬಿಡುವುದು ಬೇಡ. ಅರ್ಧ ನಿಮಿಷ ಸಾಕು, ಮೊದಲ ಎರಡು ಮೂರು ಕಿಲೋಮೀಟರ್ ನಿಧಾನ ಹೋಗಿ. ನಿಂತಲ್ಲೇ ಬಿಟ್ಟರೆ ಬಿಸಿಯಾಗಲು ಇನ್ನೂ ತಡ.

ನಾನು: ಗೇರ್ ಆಯಿಲ್ ಲೈಫ್‌ಟೈಮ್ ಅನ್ನುವುದನ್ನು ನಾನು ಒಪ್ಪುವುದಿಲ್ಲ. 80,000 ಕಿಲೋಮೀಟರ್ ಓಡಿದ ಗಾಡಿಯದ್ದು ಇಳಿಸಿದಾಗ ಬಂಗಾರದ ಪುಡಿ ಹಾಗೆ ಹಿತ್ತಾಳೆ ಚೂರು ತೇಲುತ್ತಿರುತ್ತದೆ. ಕಂಪನಿ ಪುಸ್ತಕದಲ್ಲಿ ಕಿಲೋಮೀಟರ್ ಬರೆದಿದ್ದರೆ ಅದರಂತೆ ಮಾಡಿಸಿ. ದರ್ಜೆ ಮಾತ್ರ ನೋಡಿ ಹಾಕಿಸಿ. ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ ಜಾಸ್ತಿ ನಂಬರ್ ಒಳ್ಳೆಯದು ಅಂತ ಜಿಎಲ್-5 ಸುರಿಯುವವರಿದ್ದಾರೆ. ಅದರಲ್ಲಿರುವ ಗಂಧಕ ಆ ಹಿತ್ತಾಳೆ ರಿಂಗನ್ನು ತಿನ್ನಬಹುದು.

ಸುಧಕ್ಕ: ನನ್ನದು ಬೆಳಿಗ್ಗೆ ಎರಡನೇ ಗೇರ್ ಬಿಗಿ.

ನಾನು: ಬಿಸಿಯಾದ ಮೇಲೆ ಸರಿಹೋದರೆ ಆಯಿಲ್ ಗಟ್ಟಿಯಾಗಿದ್ದದ್ದು ಅಷ್ಟೇ. ಬಿಸಿಯಾದ ಮೇಲೂ ಕರ್ ಅಂದರೆ ಸಿಂಕ್ರೋ. ನಾಳೆ ಸಂಜೆ ಗಾಡಿ ತಂದು ಬಿಡು, ನೋಡುತ್ತೇನೆ. ಬ್ರೇಕ್ ಆಯಿಲ್, ಪ್ಯಾಡ್, ಕೂಲೆಂಟ್ ಮೂರನ್ನೂ ನೋಡದೆ ಕಳಿಸುವುದಿಲ್ಲ.

ದೊಡ್ಡಪ್ಪ: ನಮ್ಮ ಬೋರ್‌ವೆಲ್ ನೀರು ಹಾಕಿಯೇ ನಾನು 20 ವರ್ಷ ಓಡಿಸಿದೆ.

ನಾನು: ದೊಡ್ಡಪ್ಪ, ನಿಮ್ಮ ಸ್ನಾನದ ಹಂಡೆಯ ಒಳಗೆ ಬಿಳಿ ಪದರ ಕಟ್ಟಿದೆಯಲ್ಲ, ರೇಡಿಯೇಟರ್ ಒಳಗೂ ಅದೇ ಕಟ್ಟುತ್ತದೆ. ಈಗಿನ ರೇಡಿಯೇಟರ್ ಕೊಳವೆಗಳು ತೀರಾ ಸಣ್ಣ. ಭಾನುವಾರ ಅಕ್ಕ ವಾಪಸ್ ಹತ್ತುವಾಗ ಎಂಜಿನ್‌ಗೆ ಅಷ್ಟೂ ಹೊತ್ತು ಭಾರ. ಬಿಸಿ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಜಾಗ ನೋಡಿ ನಿಲ್ಲಿಸಬೇಕು. ರೇಡಿಯೇಟರ್ ಮುಚ್ಚಳ ಮಾತ್ರ ತೆರೆಯಬಾರದು. ಒತ್ತಡದಲ್ಲಿರುವ ನೀರು ಮುಖಕ್ಕೇ ಚಿಮ್ಮುತ್ತದೆ.

ದೊಡ್ಡಪ್ಪ (ರಾತ್ರಿ 9:10): ಮಂಜು, ಮಧ್ಯಾಹ್ನದಿಂದ ಯೋಚಿಸುತ್ತಿದ್ದೆ. ನನಗೆ ಗಾಡಿ ಕಲಿಸಿದವರು ಲಾರಿ ಡ್ರೈವರ್. ಯಾವ ಗೇರ್‌ನಲ್ಲಿ ಹತ್ತುತ್ತೀಯೋ ಅದೇ ಗೇರ್‌ನಲ್ಲಿ ಇಳಿ ಅನ್ನುತ್ತಿದ್ದರು. ನ್ಯೂಟ್ರಲ್ ನಾನು ಆಮೇಲೆ ಪೆಟ್ರೋಲ್ ಆಸೆಗೆ ಕಲಿತದ್ದು.

ನಾನು: ಅವರು ಹೇಳಿದ್ದೇ ಸರಿ ದೊಡ್ಡಪ್ಪ. ಈ ಗುಂಪಿನಲ್ಲಿ ನಾನು ಇಷ್ಟು ಹೊತ್ತು ಹೇಳಿದ್ದೂ ಅದನ್ನೇ.

ದೊಡ್ಡಪ್ಪ: ಪೆಟ್ರೋಲ್ ಲೆಕ್ಕ ನಾನಿನ್ನೂ ಒಪ್ಪಿಲ್ಲ. ಅಳಿಯಂದಿರು ಆ ಗೀಟು ನೋಡಿ ಹೇಳಲಿ. ಬ್ರೇಕಿನ ಮಾತು ಒಪ್ಪಿದೆ. ಸುಧಾ, ಗೇರ್‌ನಲ್ಲೇ ಇಳಿ.

ಸುಧಕ್ಕ: ಆಯಿತು ಅಪ್ಪ. ಮಂಜು, ಯಾವ ಗೇರ್ ಅಂತ ಒಂದೇ ಸಾಲಿನಲ್ಲಿ ಹೇಳು.

ನಾನು: ತಿರುವಿಗೆ ಎರಡು, ನೇರ ಇದ್ದಲ್ಲಿ ಮೂರು. ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸು, ವೇಗ ಹಿಡಿದ ಮೇಲೆ ಒಂದನೇ ಗೇರ್ ತುರುಕಬೇಡ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡ. ಬೇಕಾದಾಗ ಗಟ್ಟಿಯಾಗಿ ತುಳಿ, ಪೂರ್ತಿ ಬಿಡು.

ಶನಿವಾರ

ಸುಧಕ್ಕ (ಬೆಳಿಗ್ಗೆ 8:05): ಕೊಟ್ಟಿಗೆಹಾರದಲ್ಲಿ ನೀರುದೋಸೆ ಆಯಿತು. ಹೊರಟೆವು. ದಾರಿಯಲ್ಲೆಲ್ಲ ಮಂಜು ಕವಿದಿದೆ.

ದೊಡ್ಡಪ್ಪ: ಲೈಟ್ ಹಾಕಿಕೊ. ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕೈ ಮುಗಿದು ಹೋಗಿ. ಬ್ರೇಕೂ ಆರುತ್ತದೆ.

ಸುಧಕ್ಕ (9:20): ಚಾರ್ಮಾಡಿ ದಾಟಿ ಉಜಿರೆ ದಾರಿಯಲ್ಲಿದ್ದೇವೆ. ಮುಕ್ಕಾಲು ಪಾಲು ಎರಡನೇ ಗೇರ್. ಎಂಜಿನ್ ಕೂಗಿಗೆ ಮೊದಲು ಭಯವಾಯಿತು, ಆಮೇಲೆ ಗಾಡಿಯನ್ನು ಹಿಂದಿನಿಂದ ಯಾರೋ ಹಿಡಿದುಕೊಂಡ ಹಾಗೆ ಅನ್ನಿಸಿತು.

ದೊಡ್ಡಪ್ಪ: ವಾಸನೆ ಬಂತಾ?

ಸುಧಕ್ಕ: ಇಲ್ಲ ಅಪ್ಪ.

ಭಾವ: ಗೀಟು ಕಾಲು ತೆಗೆದಾಗೆಲ್ಲ ತುದಿಯಲ್ಲೇ ಇತ್ತು ಮಾವ. ಫೋಟೋ ತೆಗೆದಿದ್ದೇನೆ, ಸಂಜೆ ಕಳಿಸುತ್ತೇನೆ.

ದೊಡ್ಡಪ್ಪ: ಕಳಿಸಿ. ಆ ಫಾರ್ವರ್ಡ್ ನನಗೆ ಬಂದ ಗುಂಪಿಗೂ ಹಾಕಬೇಕು.