ಗೆಳತಿ ಊರು ಬಿಟ್ಟು ಹೋಗುವ ಕಥೆಯ ಮಕ್ಕಳ ಪುಸ್ತಕ ಬೇಕಿತ್ತು
ನಮಸ್ಕಾರ. ನಾವು ತುಮಕೂರಿನವರು. ಮಗಳಿಗೆ 8 ವರ್ಷ. ಅಪ್ಪನಿಗೆ ವರ್ಗವಾಗಿ ಪಕ್ಕದ ಮನೆಯ ಗೆಳತಿ ಹೋದ ತಿಂಗಳು ಬೆಳಗಾವಿಗೆ ಹೋದಳು. ಇಬ್ಬರೂ ಸಂಜೆ ಅಮಾನಿಕೆರೆ ಪಾರ್ಕಿನಲ್ಲೇ ಇರುತ್ತಿದ್ದರು. ಈಗ ಇವಳು ಆ ಕಡೆ ಬರುವುದೇ ಇಲ್ಲ ಅನ್ನುತ್ತಾಳೆ. ವಿಡಿಯೋ ಕಾಲ್ ಮಾಡಿಸಿದರೆ ಸುಮ್ನೆ ಮುಖ ಮುಖ ನೋಡಿಕೊಂಡು ಕೂರುತ್ತಾರೆ!

ಇಂಥ ಕಥೆಯ, ಅಧ್ಯಾಯಗಳಿರುವ ಕನ್ನಡ ಪುಸ್ತಕ ಯಾರಿಗಾದರೂ ಗೊತ್ತಾ? ಅನುವಾದವಾದರೂ ಸರಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಪುಕ್ಕಟೆ ಕನ್ನಡ ಕಥೆಗಳಿವೆ, ಚೆನ್ನಾಗಿಯೂ ಇವೆ. ಆದರೆ ಒಂದೊಂದನ್ನು ಐದೇ ನಿಮಿಷಕ್ಕೆ ಮುಗಿಸಿಬಿಡುತ್ತಾಳೆ. ರಾತ್ರಿ ಮಲಗುವಾಗ ದಿನಕ್ಕೊಂದು ಅಧ್ಯಾಯ ಓದುವಂಥದ್ದು ಬೇಕು. ಕೊನೆಗೆ ಹೊಸ ಗೆಳತಿ ಸಿಕ್ಕಳು, ಎಲ್ಲ ಸರಿಹೋಯಿತು ಅನ್ನುವಂಥದ್ದು ಮಾತ್ರ ಬೇಡ, ಇವಳು ನಂಬುವುದಿಲ್ಲ. ಹೆಸರು, ಪ್ರಕಾಶಕರು ಯಾರು ಅಂತ ತಿಳಿಸಿ.