ಬೆಂಟನ್ ಕೌಂಟಿಯಲ್ಲಿ ಯುಎಸ್‌ಡಿಎ ಗೃಹಸಾಲ: ಪಡೆದವರು ಅನುಭವ ತಿಳಿಸಿ

ಪ್ರಶ್ನೆ: ಅರ್ಕಾನ್ಸಾ ರಾಜ್ಯದ ಬೆಂಟನ್‌ವಿಲ್‌ನಲ್ಲಿ ಕೆಲಸದಲ್ಲಿದ್ದೇನೆ. ಈಚೆಗೆ ಅಮೆರಿಕದ ಪೌರತ್ವ ಸಿಕ್ಕಿದೆ. ಪತ್ನಿ, ಇಬ್ಬರು ಮಕ್ಕಳು ಇದ್ದಾರೆ. ಗ್ರೀನ್ ಕಾರ್ಡ್ ಬಂದ ಮೇಲೆ ಅಮ್ಮನೂ ನಮ್ಮ ಜೊತೆಗೇ ಇದ್ದಾರೆ. ನನ್ನ ಸಂಬಳವೂ ಪತ್ನಿಯ ಅರೆಕಾಲಿಕ ಕೆಲಸದ ಹಣವೂ ಸೇರಿ ವರ್ಷಕ್ಕೆ ಸುಮಾರು 1,25,000 ಡಾಲರ್. ಡೌನ್ ಪೇಮೆಂಟ್‌ಗೆ ಹೆಚ್ಚು ಉಳಿತಾಯವಿಲ್ಲ. ಯುಎಸ್‌ಡಿಎ (ಅಮೆರಿಕದ ಕೃಷಿ ಇಲಾಖೆ) ಗೃಹಸಾಲ ರೈತರಿಗೆ ಮಾತ್ರ, ಬೆಂಟನ್ ಕೌಂಟಿಗೆ ಅದು ಅನ್ವಯಿಸುವುದೇ ಇಲ್ಲ ಎಂದು ಏಜೆಂಟ್ ಒಬ್ಬರು ಹೇಳಿದರು. ನಿಜವೇ?

ಇದೇ ಕೌಂಟಿಯಲ್ಲಿ ಈ ಸಾಲದಿಂದ ಮನೆ ಕೊಂಡವರ ಉತ್ತರ:

ನಮಸ್ಕಾರ. ಎರಡೂ ಮಾತು ತಪ್ಪು. ಕೃಷಿ ಇಲಾಖೆಯ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಎಷ್ಟೋ ಜನ ಈ ಸಾಲದ ಕಡೆಗೆ ತಿರುಗಿಯೂ ನೋಡುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ. ಇದಕ್ಕೆ ಹೊಲವೂ ಬೇಡ, ಹಸುವೂ ಬೇಡ. ನಿಜ ಹೇಳಬೇಕೆಂದರೆ, ಆದಾಯ ತರುವ ಕೃಷಿಭೂಮಿಯನ್ನು ಈ ಸಾಲದಿಂದ ಕೊಳ್ಳಲು ಬರುವುದೇ ಇಲ್ಲ. ನೀವು ವಾಸಿಸಲಿರುವ ಮನೆಗೆ ಮಾತ್ರ ಇದು.

ಅರ್ಹತೆಯನ್ನು ಇಡೀ ಕೌಂಟಿಗೆ ಒಟ್ಟಾಗಿ ನಿರ್ಧರಿಸುವುದಿಲ್ಲ, ವಿಳಾಸ ನೋಡಿ ನಿರ್ಧರಿಸುತ್ತಾರೆ. ಬೆಂಟನ್‌ವಿಲ್, ರೋಜರ್ಸ್ ನಗರಗಳು 50,000 ಜನಸಂಖ್ಯೆ ದಾಟಿವೆ, ಅಲ್ಲಿ ಸಿಗುವುದಿಲ್ಲ. ಅದೇ ಕೌಂಟಿಯ ಪಶ್ಚಿಮಕ್ಕೆ ಹೋದರೆ ಡೆಕೇಟರ್, ಗ್ರಾವೆಟ್‌ನಂತಹ ಸಣ್ಣ ಊರುಗಳಿವೆ. ನಿಮ್ಮ ಹುಡುಕಾಟ ಆ ಕಡೆ ಸಾಗಲಿ. ಕಾನೂನಿನ ಪ್ರಕಾರ 10,000ದೊಳಗಿನ ಜನಸಂಖ್ಯೆಯ, ಹಳ್ಳಿಯ ಸ್ವರೂಪ ಉಳಿಸಿಕೊಂಡ ಊರು ಗ್ರಾಮೀಣ. ಮಹಾನಗರ ವಲಯದ ಹೊರಗೆ, ಗೃಹಸಾಲ ಸುಲಭವಾಗಿ ಸಿಗದ ಕಡೆ, ಈ ಮಿತಿ 20,000ದವರೆಗೆ ಹೋಗುತ್ತದೆ. ಹಿಂದೆಯೇ ಅರ್ಹವಾಗಿದ್ದ ಕೆಲವು ಊರುಗಳಿಗೆ 35,000ದವರೆಗೂ ರಿಯಾಯಿತಿ ಇದೆ, ಅದು 2030ರ ಜನಗಣತಿಯ ಅಂಕಿಗಳು ಬರುವವರೆಗೆ.

ಇಲಾಖೆಯ ಜಾಲತಾಣದ ನಕ್ಷೆಯಲ್ಲಿ ಮನೆಯ ಪೂರ್ತಿ ವಿಳಾಸ ಹಾಕಿ ನೋಡಿ. ಬಣ್ಣ ತುಂಬಿರುವ ಭಾಗ ಅನರ್ಹ, ಬಣ್ಣವಿಲ್ಲದ ಭಾಗ ಅರ್ಹ. ಇದನ್ನು ತಿರುಗುಮುರುಗಾಗಿ ಓದಿಕೊಳ್ಳುವವರೇ ಹೆಚ್ಚು. ಅಂಚೆ ವಿಳಾಸದಲ್ಲಿರುವ ಊರಿನ ಹೆಸರನ್ನು ನಂಬಬೇಡಿ. ಒಂದೇ ರಸ್ತೆಯ ಈ ಬದಿ ಒಳಗೆ, ಆ ಬದಿ ಹೊರಗೆ ಇರಬಹುದು. ಮನೆ ನೋಡಲು ಹೊರಡುವ ಮೊದಲೇ ಇದನ್ನು ಮಾಡಿ. ಮನಸ್ಸು ಸೋತ ಮೇಲೆ ಗೆರೆಯಾಚೆ ಇದೆ ಎಂದು ತಿಳಿದರೆ ಸಂಕಟ.

ಇನ್ನು ಆದಾಯ. ನಿಮ್ಮ ಮಟ್ಟಿಗೆ ಮುಖ್ಯವಾದದ್ದು ಇದೇ. ಖಾತರಿ ಸಾಲಕ್ಕೆ, ಅಂದರೆ ಬ್ಯಾಂಕು ಕೊಟ್ಟು ಸರ್ಕಾರ ಖಾತರಿ ನಿಲ್ಲುವ ಸಾಲಕ್ಕೆ, ಕುಟುಂಬದ ಆದಾಯ ಆ ಪ್ರದೇಶದ ಮಧ್ಯಮ ಆದಾಯದ (ಅರ್ಧ ಕುಟುಂಬಗಳು ಇದಕ್ಕಿಂತ ಹೆಚ್ಚು, ಅರ್ಧ ಕಡಿಮೆ ಗಳಿಸುವ ಮಟ್ಟ) 115 ಪ್ರತಿಶತದೊಳಗಿರಬೇಕು. 2024ರ ಪಟ್ಟಿಯಲ್ಲಿ ದೇಶದ ಬಹುತೇಕ ಕೌಂಟಿಗಳಿಗೆ ಒಂದರಿಂದ ನಾಲ್ಕು ಜನರ ಕುಟುಂಬಕ್ಕೆ 1,12,450 ಡಾಲರ್, ಐದರಿಂದ ಎಂಟು ಜನರ ಕುಟುಂಬಕ್ಕೆ 1,48,450 ಡಾಲರ್ ಮಿತಿ ಇತ್ತು. ನೀವು ನಾಲ್ವರೇ ಆಗಿದ್ದರೆ ಆ ಪಟ್ಟಿಯಲ್ಲಿ ಹೊರಗೆ ಉಳಿಯುತ್ತಿದ್ದಿರಿ. ಅಮ್ಮ ಕಾಯಂ ಆಗಿ ನಿಮ್ಮ ಮನೆಯಲ್ಲೇ ಇರುವುದರಿಂದ ನೀವು ಐವರು! ಸಂದರ್ಶಕ ವೀಸಾದಲ್ಲಿ ಆರು ತಿಂಗಳಿಗೆ ಬಂದುಹೋಗುವ ತಂದೆತಾಯಿಯರನ್ನು ಹೀಗೆ ಎಣಿಸಲಾಗುವುದಿಲ್ಲ. ಪ್ರತಿ ವರ್ಷ ಮಿತಿ ಬದಲಾಗುತ್ತದೆ, ನಿಮ್ಮ ಕೌಂಟಿಯ ಈಗಿನ ಸಂಖ್ಯೆಯನ್ನು ಅದೇ ಜಾಲತಾಣದಲ್ಲಿ ನೋಡಿಕೊಳ್ಳಿ.

ಆದರೆ ಲೆಕ್ಕ ಎರಡೂ ಕಡೆ ನಡೆಯುತ್ತದೆ. ಮನೆಯಲ್ಲಿರುವ ವಯಸ್ಕರೆಲ್ಲರ ಆದಾಯವನ್ನೂ ಕೂಡುತ್ತಾರೆ, ಸಾಲದ ಪತ್ರಕ್ಕೆ ಅವರ ಸಹಿ ಇರಲಿ, ಇಲ್ಲದಿರಲಿ. ಅಮ್ಮನಿಗೆ ಊರಿನಿಂದ ಪಿಂಚಣಿ ಬರುತ್ತಿದ್ದರೆ, ಮನೆ ಬಾಡಿಗೆ ಬರುತ್ತಿದ್ದರೆ, ಅದನ್ನೂ ತೋರಿಸಬೇಕು. ಮಕ್ಕಳಿಗಾಗಿ ಒಂದಿಷ್ಟು ಮೊತ್ತ ಕಳೆಯುತ್ತಾರೆ, ಹನ್ನೆರಡರೊಳಗಿನ ಮಕ್ಕಳ ಡೇಕೇರ್ ಖರ್ಚನ್ನೂ ಕಳೆಯುತ್ತಾರೆ. ಆ ರಸೀದಿಗಳನ್ನು ಎಸೆಯಬೇಡಿ.

ವೀಸಾದ ಬಗ್ಗೆ ಇನ್ನೊಬ್ಬರು:

ಇದನ್ನು ಓದುವ, ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದಲ್ಲಿರುವ ಮಿತ್ರರಿಗಾಗಿ ಒಂದು ಮಾತು. ಸಾಲಗಾರರು ಪೌರರೋ ಗ್ರೀನ್ ಕಾರ್ಡ್ ಇರುವವರೋ ಆಗಿರಬೇಕು. ನಿರಾಶ್ರಿತರಂತಹ ಕೆಲವು ವರ್ಗಗಳಿಗೂ ಅವಕಾಶವಿದೆ. ಎಚ್-1ಬಿ ವೀಸಾದ ಮೇಲೆ ಇದು ಸಿಗುವುದಿಲ್ಲ. ಎಫ್‌ಎಚ್‌ಎ (ಸರ್ಕಾರದ ವಸತಿ ಸಂಸ್ಥೆ ವಿಮೆ ಕೊಡುವ ಗೃಹಸಾಲ) ಬಾಗಿಲೂ 2025ರ ಮೇ ತಿಂಗಳಿನಿಂದ ಅವರಿಗೆ ಮುಚ್ಚಿದೆ. ಗ್ರೀನ್ ಕಾರ್ಡ್‌ಗಾಗಿ ವರ್ಷಗಟ್ಟಲೆ ಕಾಯುತ್ತಿರುವವರಿಗೆ ಇದು ನೋವಿನ ವಿಷಯ, ಆದರೂ ಅರ್ಜಿಯ ಖರ್ಚು ಮಾಡುವ ಮೊದಲು ತಿಳಿದಿರಲಿ.

ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡುವವರು:

ಮೇಲಿನವರು ಖರ್ಚಿನ ವಿಷಯ ಹೇಳಲಿಲ್ಲ. ಖಾತರಿ ಸಾಲದಲ್ಲಿ ಹಣ ಕೊಡುವುದು ಬ್ಯಾಂಕು, ಸರ್ಕಾರ ಅದರ 90 ಪ್ರತಿಶತಕ್ಕೆ ಖಾತರಿ ನಿಲ್ಲುತ್ತದೆ. ಡೌನ್ ಪೇಮೆಂಟ್ ಸೊನ್ನೆ, ಅವಧಿ 30 ವರ್ಷ, ಬಡ್ಡಿ ಸ್ಥಿರ. ಆರಂಭದಲ್ಲಿ ಸಾಲದ 1 ಪ್ರತಿಶತ ಖಾತರಿ ಶುಲ್ಕ, ಆಮೇಲೆ ವರ್ಷಕ್ಕೆ 0.35 ಪ್ರತಿಶತ. 2,50,000 ಡಾಲರ್ ಸಾಲಕ್ಕೆ ಮೊದಲು 2,500 ಡಾಲರ್, ಇದನ್ನು ಸಾಲದಲ್ಲೇ ಸೇರಿಸಬಹುದು. ನಂತರ ಮೊದಲ ವರ್ಷಗಳಲ್ಲಿ ತಿಂಗಳಿಗೆ 73 ಡಾಲರ್ ಸುಮಾರು. ಎಫ್‌ಎಚ್‌ಎಯಲ್ಲಿ ಆರಂಭದ ಶುಲ್ಕವೇ 1.75 ಪ್ರತಿಶತ. ಕ್ರೆಡಿಟ್ ಸ್ಕೋರ್ 640ರ ಮೇಲಿದ್ದರೆ ಕಡತ ಸರಾಗವಾಗಿ ಸಾಗುತ್ತದೆ. ಮಾಸಿಕ ಕಂತುಗಳೆಲ್ಲ ಸೇರಿ ಆದಾಯದ 41 ಪ್ರತಿಶತದೊಳಗಿರಲಿ, ಕಾರಿನ ಸಾಲವೂ ಇದರಲ್ಲೇ ಬರುತ್ತದೆ. ಕೈಯಲ್ಲಿ 20 ಪ್ರತಿಶತ ಡೌನ್ ಪೇಮೆಂಟ್‌ನಷ್ಟು ಹಣವಿದ್ದು ಸಾಮಾನ್ಯ ಗೃಹಸಾಲ ಪಡೆಯಬಲ್ಲವರಿಗೆ ಇದು ಸಿಗುವುದಿಲ್ಲ. ನಿಮಗೆ ಆ ತೊಡಕಿಲ್ಲ.

ನೇರ ಸಾಲ ಎಂಬ ಇನ್ನೊಂದು ಬಗೆ ಇದೆ, ಅದರಲ್ಲಿ ಇಲಾಖೆಯೇ ಹಣ ಕೊಡುತ್ತದೆ. ಸಹಾಯಧನ ಸೇರಿದರೆ ಬಡ್ಡಿ 1 ಪ್ರತಿಶತಕ್ಕೂ ಇಳಿಯಬಲ್ಲದು. ಅದು ಕಡಿಮೆ ಮತ್ತು ತೀರಾ ಕಡಿಮೆ ಆದಾಯದವರಿಗೆ. ಮನೆ ಮಾರುವಾಗ ಆ ಸಹಾಯಧನದ ಒಂದು ಭಾಗವನ್ನು ಹಿಂತಿರುಗಿಸಬೇಕಾಗಬಹುದು.

ಹಳ್ಳಿಯ ಕಡೆಯ ಮನೆಗಳಲ್ಲಿ ಕೊಳವೆಬಾವಿಯೂ ಸೆಪ್ಟಿಕ್ ಟ್ಯಾಂಕೂ ಇರುತ್ತವೆ. ನೀರಿನ ಪರೀಕ್ಷೆಯನ್ನೂ ಟ್ಯಾಂಕಿನ ತಪಾಸಣೆಯನ್ನೂ ಮೊದಲ ವಾರದಲ್ಲೇ ಮಾಡಿಸಿ. ಬ್ಯಾಂಕ್ ಒಪ್ಪಿದ ಮೇಲೆಯೂ ಕಡತ ಇಲಾಖೆಗೆ ಹೋಗಿ ಷರತ್ತುಬದ್ಧ ಒಪ್ಪಿಗೆ ಬರಬೇಕು. 2018ರ ಡಿಸೆಂಬರ್‌ನಿಂದ 2019ರ ಜನವರಿವರೆಗೆ ಸರ್ಕಾರಿ ಕಚೇರಿಗಳು ಮುಚ್ಚಿದ್ದಾಗ ಈ ಒಪ್ಪಿಗೆಗಳೂ ನಿಂತಿದ್ದವು. ಮಾರುವವರ ಜೊತೆ ದಿನಾಂಕ ಗೊತ್ತು ಮಾಡುವಾಗ ಈ ಒಂದು ಹಂತಕ್ಕೆ ಬಿಡುವು ಇಟ್ಟುಕೊಳ್ಳಿ, ಅದನ್ನು ಕರಾರಿನಲ್ಲೇ ಬರೆಸಿ.